ಅಕ್ಕ ಕೇಳಿದ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಗಳ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಎಂದು ಸಮಿತಿಯವರು ಹೇಳಿದ್ದಾರೆ. ಸಾಧನೆ ಎನ್ನುವಂಥದ್ದು ನನ್ನ ಬಳಿ ಹೆಚ್ಚೇನೂ ಇಲ್ಲ. ಬೆಂಗಳೂರಿನಲ್ಲಿ ಒಂದು ಕೆಲಸ ಮಾಡಿದೆ, ಮಕ್ಕಳನ್ನು ಓದಿಸಿದೆ, ಈಗ ನಿವೃತ್ತಿ ಹತ್ತಿರ ಬಂದಿದೆ. ಹಾಗಾಗಿ ಒಂದೇ ಒಂದು ದಿನದ ಕಥೆ ಹೇಳುತ್ತೇನೆ. ಕಳೆದ ಡಿಸೆಂಬರಿನಲ್ಲಿ ನಾನು ಸೈಕಲ್ ಮೇಲೆ ಈ ಊರಿಗೆ ಬಂದ ದಿನ ಅದು. ನಿಮ್ಮಲ್ಲಿ ಕೆಲವರು ಅಂದು ಅರಳಿಕಟ್ಟೆಯ ಹತ್ತಿರ ನಿಂತು, 'ಯಾರ್ಲಾ ಇವ್ರು, ಸರ್ಕಸ್ಸಿನೋರಾ?' ಎಂದು ಕೇಳಿದ್ದು ನನಗೆ ನೆನಪಿದೆ. ಬಣ್ಣದ ಬಿಗಿ ಬಟ್ಟೆ, ತಲೆಗೆ ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿಕೊಂಡ ಇಪ್ಪತ್ತೆರಡು ಜನರನ್ನು ನೋಡಿದರೆ ಯಾರೂ ಹಾಗೆ ಕೇಳುವವರೇ.

ಐವತ್ತು ದಾಟಿದ ಮೇಲೆ ಡಾಕ್ಟರು ನನಗೆ ಸಕ್ಕರೆ ಕಾಯಿಲೆಯ ಎಚ್ಚರಿಕೆ ಕೊಟ್ಟರು. ಆಗ ಮತ್ತೆ ಸೈಕಲ್ ಹತ್ತಿದೆ. ಭಾನುವಾರ ಬೆಳಿಗ್ಗೆ ಒಟ್ಟಿಗೆ ಓಡಿಸುವ ಒಂದು ಗುಂಪು ಸಿಕ್ಕಿತು. 2008ರಲ್ಲಿ ಶುರುವಾದ 'ಟೂರ್ ಆಫ್ ನೀಲಗಿರೀಸ್'ನಂಥ ದೊಡ್ಡ ಸವಾರಿಗಳ ಬಗ್ಗೆ ನೀವು ಪತ್ರಿಕೆಯಲ್ಲಿ ಓದಿರಬಹುದು. ನಮ್ಮದು ಅಷ್ಟು ದೊಡ್ಡದಲ್ಲ. ಮೂರು ದಿನದಲ್ಲಿ 300 ಕಿಲೋಮೀಟರು ಓಡಿಸುವುದು, ಅದರಿಂದ ಬಂದ ಹಣದಲ್ಲಿ ಹಳ್ಳಿಯ ಹೈಸ್ಕೂಲು ಹೆಣ್ಣುಮಕ್ಕಳಿಗೆ ಸೈಕಲ್ ಕೊಡಿಸುವುದು ಎಂದು ತೀರ್ಮಾನವಾಯಿತು. ಹಣ ಹೇಗೆ ಬರುತ್ತದೆ ಎಂದರೆ, ಪ್ರತಿಯೊಬ್ಬ ಸವಾರನೂ ತನ್ನ ಸ್ನೇಹಿತರ ಬಳಿ ಹೋಗಿ, 'ನಾನು ಓಡಿಸುವ ಪ್ರತಿ ಕಿಲೋಮೀಟರಿಗೆ ಇಷ್ಟು ಕೊಡಿ' ಎಂದು ಕೇಳಬೇಕು. ನನಗೆ ಮೂವತ್ತು ಜನ ಒಂದೊಂದು ರೂಪಾಯಿ ಒಪ್ಪಿಕೊಂಡರು.

ಮೊದಲ ದಿನ ನಂಜನಗೂಡಿನಾಚೆ ಹೋಗಿ ಮೈಸೂರಿಗೇ ಮರಳಿದೆವು. ಎರಡನೆಯ ದಿನ ನಾಗಮಂಗಲ ಸೇರಬೇಕು, ಮೂರನೆಯ ದಿನ ಬೆಂಗಳೂರು. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ನೇರ ರಾಷ್ಟ್ರೀಯ ಹೆದ್ದಾರಿಯೇ ಇದೆ. ಆದರೆ ದಾರಿ ಗೊತ್ತುಮಾಡುವ ಕೆಲಸ, ಈ ಕಡೆಯವನು ಎಂದು ನನ್ನ ಪಾಲಿಗೆ ಬಂದಿತ್ತು. ನಾನು ಬೇಕೆಂದೇ ಕೆ.ಆರ್. ಪೇಟೆ ಸುತ್ತಿಸಿದೆ. 'ದಿನಕ್ಕೆ ನೂರು ಕಿಲೋಮೀಟರು ಆಗಬೇಕಲ್ಲ' ಎಂದು ಅವರಿಗೆ ಹೇಳಿದೆ. ನಿಜವಾದ ಕಾರಣ ಬೇರೆ. ಆ ಸೈಕಲ್ಲಿನ ಮೇಲೆ, ಆ ಗುಂಪಿನ ಮುಂದೆ, ನಮ್ಮೂರಿನ ಬೀದಿಯಲ್ಲಿ ಒಂದು ಸಲ ಹೋಗಬೇಕು ಎಂಬ ಆಸೆ. ಮುಚ್ಚಿಡುವುದೇಕೆ, ಅದು ಜಂಬವೇ.

ಬೆಳಿಗ್ಗೆ ಐದೂವರೆಗೆ ಮೈಸೂರು ಬಿಟ್ಟೆವು. ಶ್ರೀರಂಗಪಟ್ಟಣ ಮುಟ್ಟಿದಾಗ ಹೊಳೆಯ ಮೇಲೆ ಮಂಜು ಕವಿದಿತ್ತು. ವೆಲ್ಲೆಸ್ಲಿ ಸೇತುವೆಯ ಹತ್ತಿರ ನಿಂತು ಟೀ ಕುಡಿದೆವು. 1804ರಲ್ಲಿ ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಕಟ್ಟಿದ ಸೇತುವೆ ಅದು, ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಟಿಪ್ಪು ಸುಲ್ತಾನ್ ಸತ್ತು ಆಗ ಬರೀ ಐದು ವರ್ಷ. ನಮಗೆ ಸಮಾಜ ಪಾಠ ಮಾಡುತ್ತಿದ್ದ ಮೇಷ್ಟ್ರು 1799, ಮೇ 4 ಎಂದು ಬೋರ್ಡಿನ ಮೇಲೆ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಆ ಎರಡು ಗೆರೆ ನನಗೆ ಈಗಲೂ ಕಾಣುತ್ತದೆ.

ಅಲ್ಲಿಂದ ಕಿರಂಗೂರಿನ ಹತ್ತಿರ ತಿರುಗಿ ಪಾಂಡವಪುರದ ದಾರಿ ಹಿಡಿದೆವು. ಗುಂಪಿನಲ್ಲಿ ಸೈಕಲ್ ಓಡಿಸುವುದಕ್ಕೆ ಒಂದು ಕ್ರಮ ಇದೆ, ಮಕ್ಕಳು ಕೇಳಬೇಕು. ಮುಂದಿನವನು ಗಾಳಿ ಸೀಳಿಕೊಂಡು ಹೋಗುತ್ತಾನೆ, ಅವನ ಬೆನ್ನ ಹಿಂದೆ ಇರುವವನಿಗೆ ಶ್ರಮ ಕಡಿಮೆ. ಹಾಗಾಗಿ ಒಬ್ಬನೇ ಬಹಳ ಹೊತ್ತು ಮುಂದೆ ಇರುವ ಹಾಗಿಲ್ಲ. ಒಂದೆರಡು ಕಿಲೋಮೀಟರು ಎಳೆದು, ಪಕ್ಕಕ್ಕೆ ಸರಿದು, ಸಾಲಿನ ಕೊನೆಗೆ ಬರಬೇಕು. ಗುಂಡಿ ಕಂಡರೆ ಮುಂದಿನವನು ಕೈ ಕೆಳಗೆ ಚಾಚಿ ತೋರಿಸಬೇಕು, ಅದನ್ನು ಹಿಂದಿನವನು ತನ್ನ ಹಿಂದಿನವನಿಗೆ ತೋರಿಸಬೇಕು. ಒಬ್ಬ ಮರೆತರೆ ಹತ್ತು ಜನ ಬೀಳುತ್ತಾರೆ. ನಮ್ಮ ಡ್ರಿಲ್ ಮೇಷ್ಟ್ರು ಇದನ್ನು ನೋಡಿದ್ದರೆ ಸಂತೋಷಪಡುತ್ತಿದ್ದರು.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಆ ಭಾಗ ನಿಮಗೆ ಗೊತ್ತೇ ಇದೆ. ಎರಡೂ ಕಡೆ ಕಬ್ಬು, ಗದ್ದೆ. ಡಿಸೆಂಬರಿನಲ್ಲಿ ಕಬ್ಬು ಕಡಿಯುವ ಕಾಲ. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂದರೆ ರಸ್ತೆಯಿಂದ ಕೆಳಗಿಳಿಯಬೇಕು. ಆಲೆಮನೆಯ ಹೊಗೆ, ಕುದಿಯುವ ಪಾಕದ ವಾಸನೆ ಬಂದಾಗ ನಮ್ಮ ಗುಂಪಿನ ಬೆಂಗಳೂರಿನ ಹುಡುಗರು ಸೈಕಲ್ ನಿಲ್ಲಿಸಿಯೇಬಿಟ್ಟರು. ಆಲೆಮನೆಯವರು ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಪಾಂಡವಪುರದಲ್ಲಿ ಕುಂತಿಬೆಟ್ಟ ತೋರಿಸಿ, ಈ ಊರಿಗೆ ಮೊದಲು ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು, ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರು ಎಂದು ನಾನು ದೊಡ್ಡ ಮನುಷ್ಯನ ಹಾಗೆ ವಿವರಿಸಿದೆ. ಇಡ್ಲಿ ತಿಂದು ಚಿನಕುರಳಿ ಕಡೆಗೆ ಹೊರಟೆವು.

ಮುಂದೆ ಹೋದ ಹಾಗೆ ಕಬ್ಬು ಕಡಿಮೆಯಾಗಿ ರಾಗಿ ಹೊಲ, ತೆಂಗು, ಹುರುಳಿ ಬಂತು. ಬಂತು ಎನ್ನುವುದಕ್ಕಿಂತ ರಸ್ತೆಯ ಮೇಲೇ ಇತ್ತು. ಕಣ ಮಾಡುವವರು ಈಗ ಕಡಿಮೆ, ಹುರುಳಿ ಬಳ್ಳಿಯನ್ನು ಟಾರು ರಸ್ತೆಗೆ ಹಾಕುತ್ತಾರೆ, ಬಸ್ಸು ಲಾರಿ ಅದನ್ನು ಒಕ್ಕುತ್ತವೆ. ಲಾರಿಗೆ ಏನೂ ಆಗುವುದಿಲ್ಲ. ನಮ್ಮ ಸೈಕಲ್ಲಿನ ಟೈರು ಹೆಬ್ಬೆರಳಿನಷ್ಟು ಅಗಲ. ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡು ಗೇರಿಗೆ ಸಿಕ್ಕಿತು. ನಾನು ನಿಧಾನವಾಗಿ, ಮರ್ಯಾದೆಯಿಂದ, ಎಡಕ್ಕೆ ವಾಲಿ ಬಿದ್ದೆ. ಹುರುಳಿ ಹರಡುತ್ತಿದ್ದ ಅಜ್ಜಿ ಓಡಿಬಂದು, 'ಅಯ್ಯೋ ನನ್ನಪ್ಪ, ಏಟಾಯ್ತಾ?' ಎಂದು ಮೈ ಸವರಿದಳು. ಆಮೇಲೆ, 'ಇಷ್ಟು ವಯಸ್ಸಾಗದೆ, ಮನೇಲಿ ಬೈಯೋರು ಯಾರೂ ಇಲ್ವಾ?' ಎಂದು ಕೇಳಿದಳು.

ಕೆ.ಆರ್. ಪೇಟೆ ಮುಟ್ಟುವ ಹೊತ್ತಿಗೆ ಟೈರು ಕೂತುಹೋಗಿತ್ತು. ನನ್ನ ಬಳಿ ಇದ್ದ ಬೇರೆ ಟ್ಯೂಬನ್ನು ಹಿಂದಿನ ದಿನವೇ ಹಾಕಿಯಾಗಿತ್ತು. ಪೇಟೆಯ ಒಂದು ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಎಪ್ಪತ್ತರ ಆಸುಪಾಸಿನ ಯಜಮಾನರು. ಟ್ಯೂಬು ಬಿಚ್ಚಿ ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಬರುವ ಜಾಗಕ್ಕೆ ಬೆರಳಿಟ್ಟು, ಉಜ್ಜಿ, ಸಲ್ಯೂಷನ್ ಹಚ್ಚಿ ಪ್ಯಾಚು ಹಾಕಿದರು. ಗಾಳಿ ಹಾಕಲು ಹೋದರೆ ಅವರ ಪಂಪು ನನ್ನ ಟ್ಯೂಬಿನ ವಾಲ್ವಿಗೆ ಹತ್ತಲಿಲ್ಲ. 'ಬೆಲೆ ಜಾಸ್ತಿ, ಉಪಯೋಗ ಕಮ್ಮಿ' ಎಂದರು. ನನ್ನ ಚಿಕ್ಕ ಪಂಪಿನಿಂದಲೇ ಇಬ್ಬರೂ ಸರದಿಯಲ್ಲಿ ಗಾಳಿ ಹೊಡೆದೆವು. ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಅಟ್ಲಾಸ್ ಸೈಕಲ್ ಇತ್ತು. ನಮ್ಮಪ್ಪನದೂ ಅದೇ. ಆ ಕಂಪನಿಯ ಸಾಹಿಬಾಬಾದಿನ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಕೆಲಸ ನಿಲ್ಲಿಸಿದ ಸುದ್ದಿ ಓದಿದಾಗ ಮನೆಯವರು ಯಾರೋ ಹೋದ ಹಾಗೆ ಆಗಿತ್ತು ನನಗೆ.

ಪೇಟೆ ಬಿಟ್ಟು ನಾಗಮಂಗಲದ ಕಡೆ ಹೊರಟಾಗ ಬಿಸಿಲು ಏರಿತ್ತು. ಉಳಿದವರು ಮುಂದೆ ಹೋಗಿದ್ದರು. ಒಬ್ಬನೇ ಒಂದು ಏರು ಹತ್ತುತ್ತಿದ್ದೆ, ನನ್ನ ಪಕ್ಕದಲ್ಲೇ ಕಟಕಟ ಸದ್ದು ಬಂತು. ಸಮವಸ್ತ್ರದ ಹುಡುಗಿ, ಹಿಂದೆ ಕ್ಯಾರಿಯರಿನಲ್ಲಿ ಬ್ಯಾಗು, ಕಾಲಿಗೆ ಹವಾಯಿ ಚಪ್ಪಲಿ. ಶನಿವಾರ ಬೆಳಗಿನ ತರಗತಿ ಮುಗಿಸಿ ಮನೆಗೆ ಹೊರಟಿದ್ದಳು. ಸರ್ಕಾರ ಕೊಟ್ಟ ಹಳೆಯ ಸೈಕಲ್ಲು, ಚೈನು ಸಡಿಲವಾಗಿ ಕವರಿಗೆ ಬಡಿಯುತ್ತಿತ್ತು. ನಿಂತು ತುಳಿಯುತ್ತ ನನ್ನನ್ನು ದಾಟಿ ಹೋಗಿ, ಏರಿನ ತುದಿಯಲ್ಲಿ ನಿಂತು ನನಗಾಗಿ ಕಾದಳು! 'ಅಂಕಲ್, ನಿಮ್ದು ಗೇರ್ ಸೈಕಲ್ಲಾ?' ಎಂದಳು. 'ಹೌದಮ್ಮ. ನಿನ್ನ ಸೈಕಲ್ ಯಾವಾಗ ಕೊಟ್ಟರು?' ಎಂದೆ. 'ನಮ್ಗೆ ಕೊಟ್ಟಿಲ್ಲ. ಇದು ನಮ್ಮ ಅಕ್ಕಂದು. ಅವಳಿಗೆ ಕೊಟ್ಟಿದ್ರು. ಅವಳು ಡಿಗ್ರಿ ಓದ್ತಾವ್ಳೆ' ಎಂದಳು. ಯಾವ ಶಾಲೆ ಎಂದರೆ ನಮ್ಮ ಶಾಲೆಯ ಹೆಸರನ್ನೇ ಹೇಳಿದಳು. ದಿನಕ್ಕೆ ಹೋಗಿಬರಲು ಹನ್ನೆರಡು ಕಿಲೋಮೀಟರು. 'ಇದು ಕೆಟ್ಟುಹೋದ್ರೆ?' ಎಂದೆ. 'ನಡ್ಕೊಂಡ್ ಹೋಗದು' ಎಂದು ಹೇಳಿ ಇಳಿಜಾರಿನಲ್ಲಿ ಮಾಯವಾದಳು.

ಆ ಸೈಕಲ್ ಯೋಜನೆಯ ವಿಷಯ ನಿಮಗೆಲ್ಲ ಗೊತ್ತು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆಂದು ಶುರುವಾಯಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಬಂತು. ಆಗ ಹಣಕಾಸು ಖಾತೆ ಇದ್ದ ಉಪಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಹುಟ್ಟಿದ್ದು ನಮ್ಮ ತಾಲ್ಲೂಕಿನ ಬೂಕನಕೆರೆಯಲ್ಲೇ. ಯಾವ ಪಕ್ಷದವರೇ ಇರಲಿ, ಆ ಯೋಜನೆ ಒಳ್ಳೆಯದು ಎಂದು ಎಲ್ಲರೂ ಒಪ್ಪುತ್ತಾರೆ. ಕೊರೊನಾ ಕಾಲದಲ್ಲಿ ಅದು ನಿಂತುಹೋಯಿತು. ಹಾಗಾಗಿ ಅಕ್ಕನಿಗೆ ಸಿಕ್ಕಿದ್ದು ತಂಗಿಗೆ ಸಿಗಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮೂರಿಗೆ ಬಂದೆ. ಊಟದ ಏರ್ಪಾಡು ನಮ್ಮ ಅಕ್ಕನ ಮನೆಯಲ್ಲಿತ್ತು. ಅಕ್ಕನನ್ನು ಇದೇ ಊರಿಗೆ ಕೊಟ್ಟಿರುವುದು. ಇಪ್ಪತ್ತೆರಡು ಜನಕ್ಕೆ ಮುದ್ದೆ, ಅವರೆಕಾಳಿನ ಸಾರು, ಮಜ್ಜಿಗೆ. ನಮ್ಮ ಗುಂಪಿನ ಹುಡುಗಿಯರು ಮುದ್ದೆ ನುಂಗಲು ಕಲಿತರು. ಊಟವಾದ ಮೇಲೆ ಅಕ್ಕ ಅಂಗಳಕ್ಕೆ ಬಂದು ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ ನೋಡಿದಳು. ಹೆಬ್ಬೆರಳಿನಿಂದ ಟೈರು ಒತ್ತಿದಳು. ಸೆರಗಿನಿಂದ ಹ್ಯಾಂಡಲ್ಲಿನ ಧೂಳು ಒರೆಸಿದಳು. ಆಮೇಲೆ, 'ಎಷ್ಟು ಕೊಟ್ಟೆಯೋ ಇದ್ಕೆ?' ಎಂದಳು.

'ಒಂದಿಪ್ಪತ್ತೈದು ಸಾವಿರ ಆಯ್ತು ಕಣಕ್ಕ' ಎಂದೆ.

'ಅಬ್ಬಾ' ಎಂದು ಒಳಗೆ ಹೋದಳು.

ಸ್ನೇಹಿತರೇ, ನಾನು ಹೇಳಿದ್ದು ಸುಳ್ಳು. ಆ ಸೈಕಲ್ಲಿಗೆ ನಾನು ಕೊಟ್ಟಿದ್ದು 95,000 ರೂಪಾಯಿ. ಅಕ್ಕ ಇಲ್ಲೇ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಇವತ್ತು ಎಲ್ಲರ ಮುಂದೆ ಅವಳಿಗೆ ನಿಜ ಹೇಳುತ್ತಿದ್ದೇನೆ. ಅವಳು ಆಮೇಲೆ ಬೈಯಲಿ.

ಯಾಕೆ ಸುಳ್ಳು ಹೇಳಿದೆ ಎಂಬುದಕ್ಕೆ ನಲವತ್ತು ವರ್ಷದ ಹಿಂದಿನದು ಹೇಳಬೇಕು. ನಮ್ಮದು ಇಲ್ಲಿಗೆ ಆರು ಕಿಲೋಮೀಟರು ದೂರದ ಕೊಪ್ಪಲು. ಅಲ್ಲಿ ಏಳನೇ ತರಗತಿಯವರೆಗೆ ಮಾತ್ರ ಶಾಲೆ. ಅಕ್ಕ ನನಗಿಂತ ಒಂದು ತರಗತಿ ಮುಂದೆ, ಲೆಕ್ಕದಲ್ಲಿ ನನಗಿಂತ ಬಹಳ ಮುಂದೆ. 1980ರಲ್ಲಿ ಏಳು ಪಾಸು ಮಾಡಿದಳು. ಹೈಸ್ಕೂಲಿಗೆ ಕಳಿಸುವುದು ಹೇಗೆ? ಬಸ್ಸಿಲ್ಲ. ಅಪ್ಪ ಹೇಳಿದರು: 'ಒಂದು ವರ್ಷ ತಡಿ, ತಮ್ಮನೂ ಪಾಸಾಗ್ಲಿ, ಜೊತೇಲಿ ಹೋಗುವೆಯಂತೆ.' ಅವಳು ಕಾದಳು. ಮರುವರ್ಷ ನಾನು ಪಾಸಾದೆ. ಅಷ್ಟರಲ್ಲಿ ಅವಳು ದೊಡ್ಡವಳಾಗಿದ್ದಳು. ಮನೆಯಲ್ಲಿದ್ದದ್ದು ಒಂದು ಸೈಕಲ್ಲು. ಹೆಣ್ಣುಹುಡುಗಿ ಸೈಕಲ್ ಹಿಂದೆ ಕೂತು ಊರೂರು ದಾಟಿ ಹೋಗುವುದೇ ಎಂದು ಅಜ್ಜಿ ಅಡ್ಡ ಬಂದಳು. ಅಪ್ಪ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಹದಿಮೂರು ವರ್ಷದವನಿಗೆ ಒಂದು ಸೈಕಲ್ ಪೂರ್ತಿ ತನ್ನದಾಗುತ್ತದೆ ಎಂದರೆ ಬೇರೆ ಏನೂ ಕಾಣುವುದಿಲ್ಲ.

ಮೂರು ವರ್ಷ ನಾನು ಆ ಸೈಕಲ್ಲಿನಲ್ಲಿ ಈ ಶಾಲೆಗೆ ಬಂದೆ. ಮೂರು ವರ್ಷವೂ ಬೆಳಿಗ್ಗೆ ಅಕ್ಕ ನನ್ನ ಡಬ್ಬಿಗೆ ರೊಟ್ಟಿ ಹಾಕಿ, ಸೈಕಲ್ ಒರೆಸಿ, ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿ, ಗಾಳಿ ಕಮ್ಮಿ ಇದ್ದರೆ ಹೊಡೆದು ಬಾಗಿಲಲ್ಲಿ ನಿಲ್ಲಿಸುತ್ತಿದ್ದಳು. ಸಂಜೆ ನನ್ನ ಲೆಕ್ಕದ ಪುಸ್ತಕ ತೆಗೆದು ತಾನೇ ಕೂತು ಬಿಡಿಸುತ್ತಿದ್ದಳು. ಎಸ್.ಎಸ್.ಎಲ್.ಸಿ.ಯಲ್ಲಿ ನನಗೆ ಲೆಕ್ಕದಲ್ಲಿ ಒಳ್ಳೆಯ ಅಂಕ ಬಂತು ಎಂದು ಇದೇ ಮೈದಾನದಲ್ಲಿ ನನಗೆ ಬಹುಮಾನ ಕೊಟ್ಟರು.

ಅಂದು ಹೊರಡುವಾಗ ಅಕ್ಕ ಮಜ್ಜಿಗೆಯ ಬಾಟಲಿ ಕೊಡುತ್ತ ಒಂದು ಮಾತು ಹೇಳಿದಳು. 'ನನಗೂ ಸೈಕಲ್ ಬತ್ತಿತ್ತು ಕಣ್ಲಾ. ನಿನಗೆ ಜ್ವರ ಬಂದು ಹದಿನೈದು ದಿನ ಮಲಗಿದ್ಯಲ್ಲ, ಆಗ ಕಲ್ತಿದ್ದೆ. ಕತ್ತಲಾದ ಮೇಲೆ ಕಣದಲ್ಲಿ. ಬಾರಿನ ಒಳಗಿಂದ ಕಾಲು ತೂರಿಸ್ಕೊಂಡು ತುಳೀತಿದ್ದೆ. ಯಾರಿಗೂ ಗೊತ್ತಿಲ್ಲ.' ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಅಲ್ಲಿಂದ ನಾಗಮಂಗಲದವರೆಗೆ ನಾನು ಯಾರ ಜೊತೆಯೂ ಮಾತಾಡಲಿಲ್ಲ. ತೊಡೆ ಹಿಡಿದುಕೊಂಡಿತು, ಎದುರುಗಾಳಿ, ಆದರೆ ಮನಸ್ಸಿನಲ್ಲಿ ಲೆಕ್ಕವೇ ಓಡುತ್ತಿತ್ತು. ನಾವು ಕೊಡಿಸಬೇಕೆಂದಿದ್ದ ಒಂದು ಸೈಕಲ್ಲಿಗೆ 5,000 ರೂಪಾಯಿ. ಮೂವತ್ತು ಜನ, 300 ಕಿಲೋಮೀಟರು, ಒಟ್ಟು ನಾನು ಎತ್ತಿದ ಹಣ 9,000. ಎಂದರೆ ಎರಡು ಸೈಕಲ್ಲಿಗೂ ಸಾಲದು. ನಾನು ಕೂತಿದ್ದ ಸೈಕಲ್ಲಿನ ಬೆಲೆಯಲ್ಲಿ ಹತ್ತೊಂಬತ್ತು ಹುಡುಗಿಯರು ಹೈಸ್ಕೂಲಿಗೆ ಹೋಗಬಹುದಿತ್ತು. ಸೌಮ್ಯಕೇಶವನ ಗೋಪುರ ಕಂಡಾಗ ಸಂಜೆ ನಾಲ್ಕೂವರೆ. ಎಲ್ಲರೂ ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ನನ್ನ ಮುಖ ನೋಡಿದವರು ಸುಸ್ತು ಎಂದುಕೊಂಡಿದ್ದಾರೆ.

ಇಂಥ ಸವಾರಿ ಬೇಡ ಎಂದು ನಾನು ಹೇಳುತ್ತಿಲ್ಲ. ಅದರಿಂದ ನನ್ನ ಆರೋಗ್ಯ ಸುಧಾರಿಸಿತು, ಅಷ್ಟೋ ಇಷ್ಟೋ ಹಣ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾರಿನಿಂದ ಇಳಿಸಿ ಆ ಹುಡುಗಿಯ ಪಕ್ಕಕ್ಕೆ ತಂದು ನಿಲ್ಲಿಸಿತು. ಆದರೆ ಸಾಧನೆ ಎಂದು ಹಾರ ಹಾಕಿಸಿಕೊಳ್ಳುವಂಥದ್ದು ಅಲ್ಲ ಅದು.

ಒಂದು ಸೈಕಲ್ ಏನು ಮಾಡೀತು ಎಂದು ಕೇಳುವವರಿದ್ದಾರೆ. ಬಿಹಾರದಲ್ಲೂ 2006ರಲ್ಲಿ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿ 2017ರಲ್ಲಿ ಪ್ರಕಟಿಸಿದರು. ಯೋಜನೆಯಿಂದ ಹೈಸ್ಕೂಲು ಸೇರುವ ಹೆಣ್ಣುಮಕ್ಕಳು ನೂರಕ್ಕೆ ಮೂವತ್ತೆರಡರಷ್ಟು ಹೆಚ್ಚಾದರು, ಗಂಡು ಹೆಣ್ಣಿನ ನಡುವಿನ ಅಂತರ ನೂರಕ್ಕೆ ನಲವತ್ತರಷ್ಟು ಇಳಿಯಿತು. ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರ ಇದ್ದ ಹಳ್ಳಿಗಳಲ್ಲೇ ಹೆಚ್ಚು ಪ್ರಯೋಜನ ಕಂಡಿತು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲೇ ಸಾಕ್ಷರತಾ ಆಂದೋಲನದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅವರು ಹಗಲಿನಲ್ಲೇ, ರಸ್ತೆಯ ಮೇಲೇ ಕಲಿತರು. ನಮ್ಮ ಅಕ್ಕ ಕತ್ತಲಲ್ಲಿ, ಕಣದಲ್ಲಿ ಕಲಿತು ಆಗ ಹತ್ತು ವರ್ಷ ಕಳೆದಿರಲಿಲ್ಲ.

ಬೆಂಗಳೂರಿಗೆ ಹೋದ ಮೇಲೆ ಆ ಸೈಕಲ್ ಮಾರಿದೆ, 60,000 ಬಂತು. ಈಗ ಒಂದು ಸಾದಾ ಸೈಕಲ್ ಓಡಿಸುತ್ತಿದ್ದೇನೆ, ಗುಂಪಿನಲ್ಲಿ ಕೊನೆಯಲ್ಲಿರುತ್ತೇನೆ. ಆ ಹಣ ಹಿಡಿದುಕೊಂಡು ಮುಖ್ಯೋಪಾಧ್ಯಾಯರ ಹತ್ತಿರ ಬಂದಾಗ ಅವರು ಒಂದು ಬುದ್ಧಿಯ ಮಾತು ಹೇಳಿದರು. 'ಹೊಸದು ಕೊಂಡರೆ ಹನ್ನೆರಡು ಬರುತ್ತೆ. ಆದ್ರೆ ಈ ಸುತ್ತಿನ ಹಳ್ಳಿಗಳಲ್ಲಿ ಸರ್ಕಾರ ಕೊಟ್ಟ ಎಷ್ಟೋ ಸೈಕಲ್ಲು ಹಿತ್ತಲಲ್ಲಿ ತುಕ್ಕು ಹಿಡೀತಾ ಇವೆ. ಅವನ್ನ ರಿಪೇರಿ ಮಾಡಿಸಿದ್ರೆ?' ಎಂದರು. ಮನೆ ಮನೆಗೆ ಹೋಗಿ ಕೇಳಿದೆವು. ಮೂವತ್ತೊಂದು ಸೈಕಲ್ ಸಿಕ್ಕವು. ಕೆಲವಕ್ಕೆ ಟೈರು ಟ್ಯೂಬು, ಕೆಲವಕ್ಕೆ ಬ್ರೇಕು ಚೈನು, ಕೆಲವಕ್ಕೆ ಬರೀ ಎಣ್ಣೆ ಸಾಕಾಯಿತು. ಪೇಟೆಯ ಅದೇ ಸೈಕಲ್ ಶಾಪಿನ ಯಜಮಾನರು ನಾಲ್ಕು ಭಾನುವಾರ ಇಲ್ಲಿಗೆ ಬಂದು ದುರಸ್ತಿ ಮಾಡಿದರು. ಇವತ್ತು ಶಾಲೆಯ ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತಾರು ಸೈಕಲ್ ಓಡುವ ಸ್ಥಿತಿಯಲ್ಲಿವೆ. ಎಂಟನೇ ತರಗತಿಗೆ ಸೇರುವಾಗ ಪುಸ್ತಕದಲ್ಲಿ ರುಜು ಹಾಕಿ ತೆಗೆದುಕೊಂಡು ಹೋಗಬೇಕು, ಹತ್ತನೇ ತರಗತಿ ಮುಗಿದ ಮೇಲೆ ತಂದು ಒಪ್ಪಿಸಬೇಕು, ಅಷ್ಟೇ. ದೂರದ ಕೊಪ್ಪಲುಗಳ ಹುಡುಗಿಯರಿಗೆ ಮೊದಲು. ಏರಿನಲ್ಲಿ ನನ್ನನ್ನು ಹಿಂದೆ ಹಾಕಿದ ಹುಡುಗಿಯ ಚೈನೂ ಬದಲಾಗಿದೆ.

ನನ್ನ ಕೋರಿಕೆ ಇಷ್ಟು. ಇನ್ನೂ ಯಾರದಾದರೂ ಹಿತ್ತಲಲ್ಲಿ ಸೈಕಲ್ ಇದ್ದರೆ ತಂದುಕೊಡಿ. ಹಣ ಇರುವವರು ಟೈರು ಟ್ಯೂಬಿಗೆ ಕೊಡಿ. ಹಣ ಇಲ್ಲದವರು ಭಾನುವಾರ ಬಂದು ಪಂಪು ಹೊಡೆಯಿರಿ. ಜೊತೆಗೆ, ನಿಂತುಹೋದ ಯೋಜನೆಯ ಬಗ್ಗೆ ಊರಿನ ಹಿರಿಯರು ಕೇಳಬೇಕಾದವರನ್ನು ಕೇಳುತ್ತಲೇ ಇರಬೇಕು. ನಾವು ಮಾಡುವ ರಿಪೇರಿ ಸರ್ಕಾರದ ಕೆಲಸಕ್ಕೆ ಬದಲಿ ಅಲ್ಲ.

ಆ ಶೆಡ್ಡಿನ ರಿಜಿಸ್ಟರ್ ಪುಸ್ತಕವನ್ನು ನೋಡಿಕೊಳ್ಳುವುದು ನಮ್ಮ ಅಕ್ಕ. ಯಾವ ಸೈಕಲ್ ಯಾರಿಗೆ ಹೋಯಿತು, ಎಷ್ಟು ಖರ್ಚಾಯಿತು, ಎಲ್ಲ ಅವಳ ಕೈಬರಹದಲ್ಲಿದೆ. ಒಂದು ರೂಪಾಯಿಯೂ ಹೆಚ್ಚುಕಮ್ಮಿ ಆಗಿಲ್ಲ. ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಯಾವ ವರ್ಷವೂ ಇರಲಿಲ್ಲ. ಸ್ಮರಣ ಸಂಚಿಕೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲೂ ಇರುವುದಿಲ್ಲ, ಅದು ನಿಯಮ. ನಾನು ಅದನ್ನು ಬದಲಿಸಿ ಎಂದು ಕೇಳುವುದಿಲ್ಲ. ಆದರೆ ಇವತ್ತು ಊಟವಾದ ಮೇಲೆ ಎಲ್ಲರೂ ಒಂದು ಸಲ ಶೆಡ್ಡಿನ ಕಡೆ ಬನ್ನಿ, ಆ ಪುಸ್ತಕ ತೆರೆದು ನೋಡಿ.

ಹತ್ತು ನಿಮಿಷ ಎಂದು ಇಪ್ಪತ್ತು ನಿಮಿಷ ಮಾತಾಡಿದೆ.